ಸವಳು ಮಣ್ಣಿನ ಡೇಟಾ ಇಡಲು ಝೆನೋಡೋ: ನಾನು ಬಳಸಿ ನೋಡಿದ್ದು

ರಾಯಚೂರಿನಲ್ಲಿ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸಿಂಧನೂರು ಕಡೆಯ ಸವಳು ಹೊಲಗಳ ಡೇಟಾವನ್ನು ಕಳೆದ ತಿಂಗಳು ಝೆನೋಡೋಗೆ ಹಾಕಿದೆ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ, ಸಂಶೋಧನೆಯ ಡೇಟಾ ಇಡುವ ವೆಬ್ ತಾಣ ಇದು. ದುಡ್ಡು ಕೊಡಬೇಕಿಲ್ಲ. ಒಂದು ದಾಖಲೆಗೆ 50 ಜಿಬಿ ಜಾಗ, ಜೊತೆಗೆ ಡಿಒಐ, ಅಂದರೆ ಆ ದಾಖಲೆಯನ್ನು ಗುರುತಿಸುವ ಶಾಶ್ವತ ಸಂಖ್ಯೆ. ಫೈಲು ತಿದ್ದಿದರೆ ಹೊಸ ಆವೃತ್ತಿಗೆ ಬೇರೆ ಡಿಒಐ ಸಿಗುತ್ತದೆ, ಹಳೆಯದೂ ಹಾಗೇ ಉಳಿಯುತ್ತದೆ. ಇದು ನನಗೆ ತುಂಬಾ ಹಿಡಿಸಿತು.

ಶೀರ್ಷಿಕೆ, ಹೆಸರು, ದಿನಾಂಕ ತುಂಬುವುದು ಹತ್ತು ನಿಮಿಷದ ಕೆಲಸ. ಆದರೆ ಫಾರ್ಮು ಎಲ್ಲ ವಿಷಯಗಳಿಗೂ ಒಂದೇ. ಮಣ್ಣಿನ ವಿವರ ನಾವೇ ಬರೆಯಬೇಕು. ಹಿರಿಯರೊಬ್ಬರು ಕೊಟ್ಟ ಹಳೇ ಎಕ್ಸೆಲ್ ಫೈಲಿನಲ್ಲಿ ‘ಇಸಿ 4.2’ ಅಂತಷ್ಟೇ ಇತ್ತು. ಇಸಿ ಅಂದರೆ ವಿದ್ಯುತ್ ವಾಹಕತೆ, ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆದದ್ದಾ, ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಲ್ಲಿ ಅಳೆದದ್ದಾ? ಒಂದೇ ಮಣ್ಣಿಗೆ ಎರಡೂ ಬೇರೆ ಬೇರೆ ಅಂಕಿ ಕೊಡುತ್ತವೆ. ಅಷ್ಟು ವರ್ಷದ ದುಡಿಮೆ ಸುಮ್ನೆ ಬಿದ್ದಿದೆ ಅಂತ ಕರುಳು ಚುರ್ ಅಂದಿತು.

ಅದಕ್ಕೇ ಡೇಟಾ ಜೊತೆ ಇಡುವ ವಿವರಣೆಯ ಫೈಲಿನಲ್ಲಿ (ರೀಡ್‌ಮಿ) ಪ್ರತಿ ಕಾಲಮ್ಮಿನ ಅಳತೆ ವಿಧಾನ, ಆಳ, ಏಕಮಾನ ಬರೆದೆ. ಮಣ್ಣು ತೆಗೆದದ್ದು ಭತ್ತಕ್ಕೆ ಕಾಲುವೆ ನೀರು ಬಿಡುವ ಮುಂಚೆಯೋ ಆಮೇಲೋ, ಅದನ್ನೂ ಬರೆದೆ. ನಾಲ್ಕು ದಿನ ಹಿಡಿಯಿತು. ನೀವು ಮಣ್ಣು ತೆಗೆದ ದಿನವೇ ಬರೆದಿಟ್ಟುಕೊಳ್ಳಿ.