ಸಿಲ್ವರ್ ಕ್ಲೇ: ಮುಟ್ಟಲು ಮೆತ್ತಗೆ, ಲೆಕ್ಕದಲ್ಲಿ ಬಿಗಿ

ಟೆರಾಕೋಟಾ ಜುಮುಕಿ, ಪೆಂಡೆಂಟ್ ಮಾಡಿ ಕೈ ಪಳಗಿದವರು ಮುಂದಿನ ಮೆಟ್ಟಿಲು ಹುಡುಕುವಾಗ ಕಿವಿಗೆ ಬೀಳುವ ಹೆಸರು ಸಿಲ್ವರ್ ಕ್ಲೇ. ಬೆಳ್ಳಿಯ ನುಣ್ಣನೆ ಪುಡಿಗೆ ನೀರು ಮತ್ತು ಕಾಯಿಸಿದರೆ ಉರಿದುಹೋಗುವ ಅಂಟು ಸೇರಿಸಿ ಕಲಸಿದ ಮುದ್ದೆ ಇದು. ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ 1990ರ ದಶಕದಲ್ಲಿ ಇದನ್ನು ಪಿಎಂಸಿ (ಪ್ರೆಷಸ್ ಮೆಟಲ್ ಕ್ಲೇ) ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅಲ್ಲಿನದೇ ಐದಾ ಕೆಮಿಕಲ್ ಇಂಡಸ್ಟ್ರೀಸ್‌ನದು ಆರ್ಟ್ ಕ್ಲೇ ಸಿಲ್ವರ್. ಈ ವಿಮರ್ಶೆ ಎರಡನೆಯದರ ಬಗ್ಗೆ, 650 ಡಿಗ್ರಿ ಸೆಲ್ಸಿಯಸ್‌ಗೇ ಬೇಯುವ ಮಾಮೂಲಿ ಪ್ಯಾಕೆಟ್ಟಿನದು. ಬೆಂದ ಮೇಲೆ ಕೈಗೆ ಸಿಗುವುದು 999ರ, ಅಂದರೆ ಸಾವಿರಕ್ಕೆ 999 ಪಾಲು ಶುದ್ಧ ಬೆಳ್ಳಿ.

ಮೊದಲು ದುಡ್ಡಿನ ಮಾತು. ಪ್ಯಾಕೆಟ್ಟಿನ ತೂಕದಲ್ಲಿ ಬೆಳ್ಳಿ ಸುಮಾರು ಶೇ 92 ಮಾತ್ರ. 10 ಗ್ರಾಂ ಕೊಂಡರೆ ಒಡವೆ 9.2 ಗ್ರಾಂ. ಬೆಲೆಯೋ, ಅಷ್ಟೇ ತೂಕದ ಗಟ್ಟಿ ಬೆಳ್ಳಿಗಿಂತ ಬಹಳ ಮೇಲೆ. ಹಾಗಾಗಿ ತಂತಿ ಬಗ್ಗಿಸಿಯೋ ತಗಡು ಕತ್ತರಿಸಿಯೋ ಮಾಡಬಹುದಾದ ಆಕಾರಕ್ಕೆ ಇದನ್ನು ಬಳಸುವುದು ದಂಡ. ಇದರ ಬೆಲೆ ಹುಟ್ಟುವುದು ಅಚ್ಚೊತ್ತುವ ಕೆಲಸದಲ್ಲಿ. ಅರಳಿ ಎಲೆಯ ಹಿಂಬದಿಯನ್ನು ಒತ್ತಿ ಎತ್ತಿದರೆ ನಡುನರದಿಂದ ಕೂದಲೆಳೆಯಂಥ ಕವಲಿನವರೆಗೆ ಎಲ್ಲವೂ ಮೂಡುತ್ತದೆ. ಸುಟ್ಟಾಗ ಇಡೀ ತುಂಡು ಕುಗ್ಗುವುದರಿಂದ ಆ ಗೆರೆಗಳು ಇನ್ನಷ್ಟು ಒತ್ತಾಗಿ ಕಾಣುತ್ತವೆ. ತಗಡಿನ ಮೇಲೆ ಉಳಿಯಿಂದ ಇದನ್ನು ತೆಗೆಯಲು ವರ್ಷಗಟ್ಟಲೆ ಪಳಗಿದ ಕೈ ಬೇಕು.

ಟೆರಾಕೋಟಾ ಅಭ್ಯಾಸ ಕೈಕೊಡುವುದೂ ಈ ಕುಗ್ಗುವಿಕೆಯಲ್ಲೇ. ಶೇ 8ರಿಂದ 10ರಷ್ಟು ಕುಗ್ಗುತ್ತದೆ. ಶೇ 9 ಎಂದು ಹಿಡಿದು, ಬೇಕಾದ ಅಳತೆಯನ್ನು 0.91ರಿಂದ ಭಾಗಿಸಿ. ಉಂಗುರದ ಒಳವ್ಯಾಸ 17 ಮಿ.ಮೀ. ಬೇಕಿದ್ದರೆ ಹಸಿಯಲ್ಲಿ 18.7. ಓಲೆ 30 ಮಿ.ಮೀ. ಆಗಬೇಕಿದ್ದರೆ 33. ಜೋಡಿ ಓಲೆಗಳನ್ನು ಒಂದೇ ಹಾಳೆಯಿಂದ ಒಂದೇ ದಪ್ಪಕ್ಕೆ ಕತ್ತರಿಸಿ, ಒಟ್ಟಿಗೇ ಸುಡಿ. ಇಲ್ಲವಾದರೆ ಕಿವಿಗೆ ಹಾಕಿದಾಗ ಒಂದು ದೊಡ್ಡದು, ಒಂದು ಚಿಕ್ಕದು.

ಸಲಕರಣೆಗೆ ಹೆಚ್ಚು ಖರ್ಚು ಬೇಡ. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡೇ ಲಟ್ಟಣಿಗೆ. ಎರಡೂ ಬದಿಗೆ ನಾಲ್ಕು ನಾಲ್ಕು ಇಸ್ಪೀಟೆಲೆ ಇಟ್ಟು ಲಟ್ಟಿಸಿದರೆ ಸುಮಾರು 1 ಮಿ.ಮೀ. ದಪ್ಪ ಸಿಗುತ್ತದೆ. ಗೆರೆ ಆಳವಾಗಿ ಒತ್ತುವುದಿದ್ದರೆ ಆರೆಲೆ ಇಡಿ. ಅಂಗೈಗೆ ಒಂದು ಹನಿ ಎಣ್ಣೆ ಸಾಕು, ಹೆಚ್ಚಾದರೆ ಅಂಟಿಸಿದ ಕಡೆ ಬಿಟ್ಟುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗಂಟಾಗುತ್ತದೆ, ಆಲಿವ್ ಎಣ್ಣೆಗೆ ಆ ಕಾಟವಿಲ್ಲ. ಫ್ಯಾನ್ ಆರಿಸಿಯೇ ಕೂರಬೇಕು. ಗಾಳಿಗೆ ಕೆಲವೇ ನಿಮಿಷದಲ್ಲಿ ಅಂಚು ಬಿರಿಯತೊಡಗುತ್ತದೆ, ಆಮೇಲೆ ನೀರು ಸವರಿದರೆ ಮೇಲ್ಮೈ ಕೊಚ್ಚೆಯಾಗುತ್ತದೆಯೇ ಹೊರತು ಬಿರುಕು ಕೂಡುವುದಿಲ್ಲ. ಉಳಿದ ಚೂರು, ಉಜ್ಜಿದ ಪುಡಿ ಎಲ್ಲ ಒಂದು ಡಬ್ಬಿಗೆ ಹೋಗಲಿ. ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಅದೇ ಅಂಟಿಸುವ ಪೇಸ್ಟ್.

ಒಣಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಹೇರ್ ಡ್ರೈಯರ್‌ನಿಂದ ಕಾಯಿಸಿದ ತುಂಡನ್ನು ಬಿಸಿಯಿರುವಾಗಲೇ ತಣ್ಣನೆಯ ಸ್ಟೀಲ್ ತಟ್ಟೆಯ ಮೇಲಿಟ್ಟು ಹತ್ತು ಸೆಕೆಂಡಿಗೆ ಎತ್ತಿ. ತಟ್ಟೆ ಮಬ್ಬಾಗಿದ್ದರೆ ಒಳಗೆ ಇನ್ನೂ ತೇವವಿದೆ. ಆ ತೇವವೇ ಸುಡಲು ಗ್ಯಾಸ್ ಜ್ವಾಲೆಯ ಟಾರ್ಚ್ ಹಿಡಿದಾಗ ಹಬೆಯಾಗಿ ಗುಳ್ಳೆ ಎಬ್ಬಿಸುವುದು, ಕೆಲವೊಮ್ಮೆ ತುಂಡನ್ನೇ ಸಿಡಿಸುವುದು. ಮಳೆಗಾಲದಲ್ಲಿ ಒಣಗಿಸುವ ಹೊತ್ತನ್ನು ಧಾರಾಳವಾಗಿ ಹೆಚ್ಚಿಸಿಕೊಳ್ಳಿ. ಉಪ್ಪು ಕಾಗದದಿಂದ ಉಜ್ಜುವ ಕೆಲಸವೆಲ್ಲ ಈಗಲೇ ಮುಗಿಯಬೇಕು. ಈಗ ಬಿಸ್ಕತ್ತಿನಂತೆ ಪುಡಿಯುದುರುವುದು ಸುಟ್ಟ ಮೇಲೆ ಅರ ಹಿಡಿದು ಉಜ್ಜಬೇಕಾದ ಲೋಹವಾಗುತ್ತದೆ.

25 ಗ್ರಾಂವರೆಗಿನ ಚಿಕ್ಕ ತುಂಡಿಗೆ ಅಡುಗೆಮನೆಯ ಬ್ಯೂಟೇನ್ ಟಾರ್ಚ್ ಸಾಕು. ತುಂಡನ್ನು ಬೆಂಕಿಗೆ ಜಗ್ಗದ ಇಟ್ಟಿಗೆಯ (ಫೈರ್ ಬ್ರಿಕ್) ಮೇಲಿಡಿ. ಗ್ರಾನೈಟ್ ಕಟ್ಟೆಯ ಮೇಲೆ ಬೇಡ, ಕಲ್ಲು ಸೀಳಬಹುದು. ಕಿಟಕಿ ತೆರೆದಿರಲಿ, ದೀಪ ಮಂದವಾಗಿರಲಿ. ಜ್ವಾಲೆಯನ್ನು ಸುಮಾರು 5 ಸೆಂ.ಮೀ. ದೂರದಲ್ಲಿ ಸುತ್ತಾಡಿಸುತ್ತಿದ್ದರೆ ಮೊದಲು ಹೊಗೆ, ಆಮೇಲೆ ಕ್ಷಣಕಾಲ ಹಳದಿ ಉರಿ: ಅದು ಅಂಟು ಸುಡುವ ಹೊತ್ತು. ಬಳಿಕ ತುಂಡು ಬೆಳ್ಳಗಾಗಿ, ನಿಧಾನಕ್ಕೆ ಕಿತ್ತಳೆಗೆ ತಿರುಗುತ್ತದೆ. ಗಡಿಯಾರ ನೋಡಬೇಕಾದ್ದು ಆ ಬಣ್ಣ ಬಂದ ಮೇಲೆ, ಟಾರ್ಚ್ ಹಚ್ಚಿದಾಗಿನಿಂದಲ್ಲ. 5 ಗ್ರಾಂ ಒಳಗಿನದಕ್ಕೆ ಪೂರ್ತಿ 2 ನಿಮಿಷ ಅದೇ ಬಣ್ಣ ನಿಲ್ಲಬೇಕು, ತೂಕ ಹೆಚ್ಚಿದಂತೆ ಹೊತ್ತೂ ಹೆಚ್ಚು. ಮೇಲ್ಮೈ ಕನ್ನಡಿಯಂತೆ ಮಿನುಗತೊಡಗಿದರೆ ತಕ್ಷಣ ಜ್ವಾಲೆ ಹಿಂದಕ್ಕೆಳೆಯಿರಿ. ಬೆಳ್ಳಿ ಕರಗುವುದು 962 ಡಿಗ್ರಿ ಹತ್ತಿರ, ಆ ಮಿನುಗು ಅಲ್ಲಿಗೆ ಮುಟ್ಟಿದ ಗುರುತು. ಅರೆಕ್ಷಣ ತಡವಾದರೆ ಎಲೆಯ ನರಗಳೆಲ್ಲ ನೀರಾಗಿ ಒಂದಾಗುತ್ತವೆ.

ಹೊಸಬರು ಹೆದರಿ ಬೇಗ ನಿಲ್ಲಿಸುವುದೇ ಹೆಚ್ಚು, ಕೆಡುವುದೂ ಅಲ್ಲಿಯೇ. ಅರೆಬೆಂದದ್ದು ನೋಡಲು ಥೇಟ್ ಬೆಂದದ್ದರಂತೆಯೇ ಇರುತ್ತದೆ, ಕೆಳಗೆ ಬಿದ್ದಾಗ ಮುರಿಯುತ್ತದೆ. ಒಡವೆಯ ಜೊತೆಗೆ ಅದೇ ಹಾಳೆಯ ಒಂದು ಪಟ್ಟಿಯನ್ನೂ ಅಷ್ಟೇ ಹೊತ್ತು ಸುಟ್ಟು ಇಕ್ಕಳದಲ್ಲಿ ಬಗ್ಗಿಸಿ. ಬಾಗಿದರೆ ಸರಿ. ಲಟಕ್ಕೆಂದರೆ ಒಡವೆಯನ್ನು ಮತ್ತೊಮ್ಮೆ ಸುಡಿ, ಅದರಿಂದ ನಷ್ಟವೇನಿಲ್ಲ.

ಸುಟ್ಟು ತಣಿದ ತುಂಡು ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಕೊಳೆಯಲ್ಲ, ಬೆಳ್ಳಿಯ ಒರಟು ಮೇಲ್ಮೈಯೇ ಹಾಗೆ ಕಾಣುವುದು. ಅಂಟುವಾಳದ ನೊರೆಯೋ ಸೋಪಿನ ನೀರೋ ಹಾಕಿ ತಂತಿ ಬ್ರಷ್‌ನಿಂದ ಉಜ್ಜಿದರೆ ಹೊಳಪು ಏಳುತ್ತದೆ. ಹಿತ್ತಾಳೆ ಬ್ರಷ್ಷನ್ನು ಒಣಗಿದ್ದಾಗ ಬಳಸಿದರೆ ಹಳದಿ ಛಾಯೆ ಅಂಟಿಕೊಳ್ಳುತ್ತದೆ.

ಕಲ್ಲುಗಳ ವಿಚಾರದಲ್ಲಿ ಕ್ಯೂಬಿಕ್ ಜಿರ್ಕೋನಿಯಾವನ್ನು ಹಸಿಯಲ್ಲೇ ಕೂರಿಸಿ ಸುಡಬಹುದು, ಆದರೆ ನೀರಿಗೆ ಅದ್ದದೆ ತಾನಾಗಿ ತಣಿಯಲು ಬಿಡಬೇಕು. ಮುತ್ತು, ಹವಳ ಬೆಂಕಿಗೆ ಹೋಗುವಂತಿಲ್ಲ, ಆಮೇಲೆ ಕಟ್ಟಬೇಕು. ಕೊಕ್ಕೆ, ನೇತುಹಾಕುವ ಪುಟ್ಟ ಬಳೆಗಳಿಗೆ 925ರ ತಂತಿ ಹುದುಗಿಸಬೇಡಿ. ಅದರಲ್ಲಿನ ತಾಮ್ರದಿಂದ ಅದು ಕಪ್ಪಾಗಿ ಪೆಡಸಾಗುತ್ತದೆ. 999ರ ತಂತಿಯೇ ಆಗಬೇಕು. ಅಲ್ಯೂಮಿನಿಯಂ ಹಾಳೆ, ತಟ್ಟೆಗಳೂ ದೂರವಿರಲಿ. ಸುಡುವ ಬಿಸಿಯಲ್ಲಿ ಅದು ಬೆಳ್ಳಿಯೊಂದಿಗೆ ಬೆರೆತು ತುಂಡನ್ನು ಕೆಡಿಸುತ್ತದೆ.

ದಿನಬಳಕೆಯ ತೆಳು ಉಂಗುರ, ಸರದ ಕೊಂಡಿ, ತಿರುಪಿನ ಓಲೆಗೆ ಈ ಕ್ಲೇ ಶಿಫಾರಸಿಗೆ ಯೋಗ್ಯವಲ್ಲ. ಶುದ್ಧ ಬೆಳ್ಳಿಯೇ ಮೆತ್ತಗಿನದು, ಪುಡಿ ಬೆಸೆದು ಆದದ್ದರೊಳಗೆ ಸಣ್ಣ ರಂಧ್ರಗಳೂ ಉಳಿದಿರುತ್ತವೆ. ಅಂಥ ಭಾಗಗಳನ್ನು ಅಕ್ಕಸಾಲಿಗರಿಂದಲೇ ಮಾಡಿಸಿ. ಪೆಂಡೆಂಟ್, ಹಗುರ ಓಲೆ, ಬ್ರೋಚ್‌ಗೆ ಕಣ್ಣುಮುಚ್ಚಿ ಕೊಳ್ಳಬಹುದು. ಮೊದಲ ಸಲಕ್ಕೆ 20 ಗ್ರಾಂ ಪ್ಯಾಕೆಟ್ ಸಾಕು, 50 ಬೇಡ. ಒಮ್ಮೆ ಬಿಚ್ಚಿದ್ದನ್ನು ಕ್ಲಿಂಗ್ ಫಿಲ್ಮ್ ಸುತ್ತಿ, ಒದ್ದೆ ಸ್ಪಂಜಿನ ಜೊತೆ ಜಿಪ್ ಚೀಲದಲ್ಲಿಟ್ಟರೂ ದಿನೇ ದಿನೇ ಗಟ್ಟಿಯಾಗುತ್ತ ಹೋಗುತ್ತದೆ.