ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸಲು ಎಷ್ಟು ಬಲ ಬೇಕು? ಎರಡು ಸೂತ್ರ, ಒಂದು ಸ್ಪ್ರಿಂಗ್ ತಕ್ಕಡಿ
ನನ್ನದು ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಸಣ್ಣ ಕಾರು. ನಿಂತಲ್ಲೇ ತಿರುಗಿಸಲು ಹೋದರೆ ತೋಳು ಸೋತುಹೋಗುತ್ತದೆ. ಆ ಬಲ ಎಷ್ಟೆಂದು ಲೆಕ್ಕ ಹಾಕಿಯೇ ನೋಡೋಣವೆಂದು ಕೂತೆ. ಮುಂದಿನ ಚಕ್ರಗಳನ್ನಷ್ಟೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 600 ಕೆ.ಜಿ. ಬಂತು, ಅಂದರೆ ಒಂದೊಂದು ಚಕ್ರಕ್ಕೆ 2,943 ನ್ಯೂಟನ್ ಭಾರ. ಒಣ ನೆಲ, ಹಾಗಾಗಿ ಘರ್ಷಣಾಂಕ 0.7 ಇಟ್ಟುಕೊಂಡೆ.

ಮೊದಲು ಹಿಡಿದದ್ದು ಟೈರ್ ಅಗಲದ ಸೂತ್ರ. ಅಗಲದ ವರ್ಗವನ್ನು 8ರಿಂದ ಭಾಗಿಸಿ, ಸ್ಕ್ರಬ್ ರೇಡಿಯಸ್‌ನ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಅದನ್ನು ಭಾರ ಮತ್ತು ಘರ್ಷಣಾಂಕದಿಂದ ಗುಣಿಸಬೇಕು. (ಚಕ್ರ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರವೇ ಸ್ಕ್ರಬ್ ರೇಡಿಯಸ್.) ಅಗಲ 165 ಮಿ.ಮೀ., ಅಂತರ 20 ಮಿ.ಮೀ. ಹಾಕಿದರೆ ಎರಡು ಚಕ್ರಕ್ಕೆ 254 ನ್ಯೂಟನ್-ಮೀಟರ್. ಸ್ಟಿಯರಿಂಗ್ ಅನುಪಾತ 20 (ಸ್ಟಿಯರಿಂಗ್ 20 ಡಿಗ್ರಿ ತಿರುಗಿಸಿದರೆ ಮುಂದಿನ ಚಕ್ರ 1 ಡಿಗ್ರಿ ತಿರುಗುತ್ತದೆ), ದಕ್ಷತೆ ಶೇ. 75, ಸ್ಟಿಯರಿಂಗ್ ಚಕ್ರದ ತ್ರಿಜ್ಯ 18.5 ಸೆಂ.ಮೀ. ಎಂದು ಹಿಡಿದರೆ ಕೈಗೆ ಬೀಳುವ ಬಲ 9.3 ಕೆ.ಜಿ.

ಇನ್ನೊಂದು ಗಾಳಿ ಒತ್ತಡದ ಸೂತ್ರ. ಭಾರದ ಘನವನ್ನು ಟೈರಿನ ಒತ್ತಡದಿಂದ ಭಾಗಿಸಿ, ವರ್ಗಮೂಲವನ್ನು ಘರ್ಷಣಾಂಕದ ಮೂರನೇ ಒಂದು ಭಾಗದಿಂದ ಗುಣಿಸುವುದು. 32 ಪಿಎಸ್‌ಐಗೆ ಎರಡೂ ಚಕ್ರ ಸೇರಿ 159 ನ್ಯೂಟನ್-ಮೀಟರ್, ಕೈಗೆ 5.8 ಕೆ.ಜಿ. ಅಷ್ಟೇ! ಒಂದೇ ಕಾರು, ಉತ್ತರದಲ್ಲಿ ಇಷ್ಟು ಅಂತರ.

ಕೊನೆಗೆ ಸ್ಪ್ರಿಂಗ್ ತಕ್ಕಡಿ ತೆಗೆದೆ. ಸ್ಟಿಯರಿಂಗ್ ಅಂಚಿಗೆ ಹಗ್ಗ ಸುತ್ತಿ, ಸ್ಪರ್ಶರೇಖೆಯ ನೇರಕ್ಕೆ ನಿಧಾನವಾಗಿ ಎಳೆದೆ. ಟೈರ್ ಕದಲುವ ಮುಂಚೆ ಮುಳ್ಳು ಸರ್ರನೆ ಮೇಲೇರಿ, ಕದಲಿದೊಡನೆ ತುಸು ಇಳಿದು 8ರ ಹತ್ತಿರ ನಿಂತಿತು. ಓದಬೇಕಾದ್ದು ಈ ನಿಂತ ಅಂಕಿಯನ್ನು. ಮೊದಲ ಸಲ ನಾನು ತುದಿಯ ಅಂಕಿಯನ್ನೇ ಬರೆದುಕೊಂಡು ಮತ್ತೆ ಅಳೆಯಬೇಕಾಯಿತು.

ಹಾಗಾದರೆ ಅಗಲದ ಸೂತ್ರವೇ ಹತ್ತಿರ ಅಲ್ಲವೇ? ಅಂಕಿಯಲ್ಲಿ ಹೌದು. ಆದರೆ ಪರೀಕ್ಷೆಗೆಂದು ಗಾಳಿಯನ್ನು 24 ಪಿಎಸ್‌ಐಗೆ ಇಳಿಸಿದಾಗ ತಕ್ಕಡಿ 9 ದಾಟಿತು. ಒತ್ತಡದ ಸೂತ್ರ ಹೇಳಿದ್ದೂ ಅದನ್ನೇ: ಸುಮಾರು ಶೇ. 15 ಏರಿಕೆ. ಅಗಲದ ಸೂತ್ರದಲ್ಲಿ ಗಾಳಿಗೆ ಜಾಗವೇ ಇಲ್ಲ, ಅದು 9.3ರಿಂದ ಅಲುಗಲಿಲ್ಲ. ಒತ್ತಡದ ಸೂತ್ರದಲ್ಲಿ ಸ್ಕ್ರಬ್ ರೇಡಿಯಸ್ ಇಲ್ಲ, ತಿರುಗಿಸುವಾಗ ಕಾರಿನ ಮೂತಿ ತುಸು ಮೇಲೇಳುವ ಭಾರವೂ ಇಲ್ಲ. ಅದು ಕಡಿಮೆ ತೋರಿಸುವುದಕ್ಕೆ ಇವೂ ಕಾರಣ ಅನ್ನಿಸುತ್ತದೆ.

ನನ್ನ ಆಯ್ಕೆ: ಹೊಸ ಭಾಗ ಜೋಡಿಸುವಾಗ ಎಷ್ಟು ಬಲ ತಡೆಯಬೇಕೆಂದು ನೋಡಲು ಅಗಲದ ಸೂತ್ರ, ಗಾಳಿ ಅಥವಾ ಭಾರ ಬದಲಾದರೆ ಏನಾಗುತ್ತದೆಂದು ತಿಳಿಯಲು ಒತ್ತಡದ ಸೂತ್ರ, ಅದೂ ತಕ್ಕಡಿಯ ಒಂದು ಅಳತೆಗೆ ಹೊಂದಿಸಿಕೊಂಡ ಮೇಲೆ. ಕಾರು ಆಮೆಯಂತೆ ಉರುಳುತ್ತಿದ್ದರೂ ಸಾಕು, ಇವೆರಡೂ ಕೆಲಸಕ್ಕೆ ಬರುವುದಿಲ್ಲ. ಗೆಳೆಯ ಹಿಂದಿನಿಂದ ಮೆಲ್ಲಗೆ ತಳ್ಳುತ್ತಿದ್ದಾಗ ಎಳೆದರೆ ಮುಳ್ಳು 3ಕ್ಕಿಂತ ಕೆಳಗೇ ಇತ್ತು.