ಬಿಸಿಲು, ಅರೆನೆರಳು, ಕಗ್ಗತ್ತಲು: ಆಸ್ಪರಾಗಸ್‌ಗೆ ಯಾವುದು?

ಜರ್ಮನಿಯ ಹೈಡೆಲ್‌ಬರ್ಗ್ ಹತ್ತಿರ ನಮ್ಮದೊಂದು ಬಾಡಿಗೆ ತೋಟ ಇದೆ. ಇಲ್ಲಿ ಅದಕ್ಕೆ ಕ್ಲೈನ್‌ಗಾರ್ಟನ್ ಅಂತಾರೆ. ಊರಂಚಿನಲ್ಲಿ ಬೇಲಿಗೆ ಬೇಲಿ ತಾಗಿದ ತುಂಡು ಜಾಗಗಳು, ಒಂದೊಂದರಲ್ಲೂ ಒಂದು ಪುಟ್ಟ ಮರದ ಮನೆ. ಮೂರನೇ ಒಂದು ಭಾಗದಲ್ಲಾದರೂ ಹಣ್ಣು, ತರಕಾರಿ ಬೆಳೆಯಲೇಬೇಕು ಅನ್ನುವುದು ನಿಯಮ. ಆಸ್ಪರಾಗಸ್ ಅಂದರೆ ನೆಲದಿಂದ ಏಳುವ ಎಳೆ ಕುಡಿಯನ್ನೇ ತರಕಾರಿಯಾಗಿ ತಿನ್ನುವ ಗಿಡ. ಪಕ್ಕದ ಶ್ವೆಟ್ಸಿಂಗನ್ ಬಿಳಿ ಆಸ್ಪರಾಗಸ್‌ಗೆ ಹೆಸರಾದ ಊರು. ಏಪ್ರಿಲ್ ಬಂದರೆ ರಸ್ತೆ ಬದಿಯ ಗೂಡಂಗಡಿಗಳಲ್ಲೆಲ್ಲ ಅದೇ. ನೋಡಿ ನೋಡಿ ಆಸೆಯಾಗಿ, 2019ರ ಏಪ್ರಿಲ್‌ನಲ್ಲಿ ನಾವೂ 24 ಬೇರುಗಡ್ಡೆ ತಂದು ನೆಟ್ಟೆವು. ಎಂಟೆಂಟರಂತೆ ಮೂರು ಸಾಲು.

ಒಂದು ಸಾಲು ಬಟಾಬಯಲಿನಲ್ಲಿ. ಇನ್ನೊಂದು ಚೆರಿ ಮರದ ಪಕ್ಕ. ಮೂರನೆಯದೂ ಬಯಲಲ್ಲೇ, ಆದರೆ ಅದಕ್ಕೆ ಬೆಳಕು ತಾಗದಂತೆ ಮಣ್ಣು ಏರಿಸಿ ಬಿಳಿ ಕುಡಿ ತೆಗೆಯೋಣ ಅಂತ.

ಚೆರಿ ಮರದ ಪಕ್ಕ ಯಾಕೆ ಅಂತೀರಾ? ನಾನು ಮಲೆನಾಡಿನವಳು. ನಮ್ಮಲ್ಲಿ ಏಲಕ್ಕಿ, ಕಾಳುಮೆಣಸು, ವೀಳ್ಯದೆಲೆ ಎಲ್ಲ ಅಡಿಕೆ ಮರದ ನೆರಳಲ್ಲೇ. ಆಸ್ಪರಾಗಸ್‌ನ ದಾಯಾದಿ ಶತಾವರಿ, ಹಲವು ಮಕ್ಕಳ ತಾಯಿ ಅಂತೀವಲ್ಲ, ಅದೂ ಬೆಟ್ಟದಲ್ಲಿ ಮರದಡಿ ಪೊದೆ ಹಿಡಿದು ಹಬ್ಬಿಕೊಂಡು ಆರಾಮಾಗಿರುತ್ತದೆ. ಸಬ್ಬಸಿಗೆಯಷ್ಟು ನವಿರಾದ ಈ ಸೊಪ್ಪಿಗೂ ಸ್ವಲ್ಪ ನೆರಳಿದ್ದರೆ ಹಿತ ಅಂದುಕೊಂಡೆ. ಸಾಲದ್ದಕ್ಕೆ ನಾವು ನೆಟ್ಟಾಗ ಚೆರಿ ಮರದಲ್ಲಿ ಹೂವಿತ್ತು, ಎಲೆ ಇರಲಿಲ್ಲ. ಪಾತಿ ತುಂಬ ಬಿಸಿಲು ಬಿದ್ದಿತ್ತು. ಜೂನ್‌ನಲ್ಲಿ ಹೋಗಿ ಗಡಿಯಾರ ಹಿಡಿದು ನೋಡಿದರೆ ಬಯಲಿನ ಸಾಲಿಗೆ ಒಂಬತ್ತು ಗಂಟೆ ನೇರ ಬಿಸಿಲು, ಚೆರಿ ಪಕ್ಕದ್ದಕ್ಕೆ ನಾಲ್ಕೂ ಇಲ್ಲ. ತೋಟದ ಬಿಸಿಲನ್ನು ಏಪ್ರಿಲ್‌ನಲ್ಲಿ ಅಳೆಯಬಾರದು ಅಂತ ಆಗ ಗೊತ್ತಾಯಿತು.

ಮೊದಲ ಎರಡು ವರ್ಷ ಕುಡಿ ಮುರಿಯುವಂತಿಲ್ಲ, ಬೇರು ಬಲಿಯಬೇಕು. 2021ರಲ್ಲಿ ಸುಮ್ನೆ ರುಚಿಗೆ ಅಂತ ಒಂದಷ್ಟು ಕೊಯ್ದೆವು. 2022ರಲ್ಲಿ ಅಡುಗೆಮನೆಯ ತಕ್ಕಡಿ ಇಟ್ಟು ಲೆಕ್ಕ ಬರೆದೆ. ಬಯಲಿನ ಸಾಲು 1 ಕಿಲೊ 700 ಗ್ರಾಂ. ಮಣ್ಣು ಏರಿಸಿದ್ದು 1 ಕಿಲೊ 400. ಚೆರಿ ಪಕ್ಕದ್ದು 450 ಗ್ರಾಂ, ಅದೂ ಪೆನ್ಸಿಲ್‌ಗಿಂತ ಸಪೂರ.

ವಿಚಿತ್ರ ಅಲ್ವಾ? ಬೆಳಕನ್ನೇ ಕಾಣದ ಕುಡಿ ದಪ್ಪಗೆ ಬಂತು, ಅರ್ಧ ಬೆಳಕು ಕಂಡದ್ದು ಸೊರಗಿತು. ಕಾರಣ ಸರಳ. ವಸಂತದಲ್ಲಿ ಏಳುವ ಕುಡಿ ಆ ಹೊತ್ತಿನ ಬಿಸಿಲನ್ನು ನಂಬಿಕೊಂಡು ಬೆಳೆಯುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ಬೇರು ಕೂಡಿಟ್ಟದ್ದನ್ನೇ ತಿಂದು ಏಳುತ್ತದೆ. ಬೇರು ಅಂದರೆ ಕಣಜ. ಅದನ್ನು ತುಂಬುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ ಆಳೆತ್ತರಕ್ಕೆ ನಿಲ್ಲುವ ಸೊಪ್ಪು. ನೋಡಲು ಎಲೆಯ ಹಾಗಿರುವ ಆ ಹಸಿರು ಎಳೆಗಳು ನಿಜವಾಗಿ ಎಲೆಗಳಲ್ಲ, ಎಲೆಯ ಕೆಲಸ ಮಾಡುವ ಸಣ್ಣ ಕಾಂಡಗಳು. ಬಯಲಿನ ಎರಡೂ ಸಾಲುಗಳ ಕಣಜ ತುಂಬಿತ್ತು. ಚೆರಿ ಪಕ್ಕದ್ದು ಬಿಸಿಲು ಅರಸಿ ವಾಲಿಕೊಂಡು ನಿಂತಿತ್ತು, ಕೋಲು ಕೊಟ್ಟು ಕಟ್ಟಬೇಕಾಯಿತು. ಬೆಳಗಿನ ಇಬ್ಬನಿ ಹನ್ನೊಂದಾದರೂ ಆರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಕಿತ್ತಳೆ ಬಣ್ಣದ ತುಕ್ಕು ರೋಗವೂ ಮೊದಲು ಅಲ್ಲೇ ಕಾಣಿಸಿತು.

ಕೊಯ್ಲು ಯಾವಾಗ ನಿಲ್ಲಿಸಬೇಕು ಅನ್ನುವುದೂ ಬೆಳಕಿನ ಲೆಕ್ಕವೇ. ಇಲ್ಲಿ ಜೂನ್ 24 ಕೊನೆಯ ದಿನ. ಪಕ್ಕದ ತೋಟದ ಅಜ್ಜ ಬೇಲಿಯಾಚೆಯಿಂದ ಒಂದು ಗಾದೆ ಹೇಳಿಕೊಟ್ಟರು: 'ಕಿರ್ಶನ್ ರೋಟ್, ಶ್ಪಾರ್ಗಲ್ ಟೋಟ್'. ಚೆರಿ ಕೆಂಪಾಯಿತು, ಆಸ್ಪರಾಗಸ್ ಸತ್ತಿತು ಅಂತ. ಆಮೇಲೆ ಬರುವ ಕುಡಿಗಳನ್ನೆಲ್ಲ ಸೊಪ್ಪಾಗಲು ಬಿಡಬೇಕು. 2022ರಲ್ಲಿ ನಾನು ಮೂರೂ ಸಾಲುಗಳನ್ನು ಅದೇ ದಿನದವರೆಗೆ ಕೊಯ್ದೆ. ಬಯಲಿನವು ಚೇತರಿಸಿಕೊಂಡವು. ಚೆರಿ ಪಕ್ಕದ ಸಾಲಿನಲ್ಲಿ ಮುಂದಿನ ವರ್ಷ ಮೂರು ಬೇರು ಎದ್ದೇ ಬರಲಿಲ್ಲ. ಕಡಿಮೆ ದುಡಿಯುವವನ ಹತ್ತಿರ ಪೂರ್ತಿ ಬಾಡಿಗೆ ವಸೂಲಿ ಮಾಡಿದ ಹಾಗಾಯಿತು. ನಿಮ್ಮಲ್ಲೂ ನೆರಳಿನ ಜಾಗ ಬಿಟ್ಟರೆ ಬೇರೆ ಇಲ್ಲದಿದ್ದರೆ ಮೇ ಮಧ್ಯಕ್ಕೇ ಚಾಕು ಕೆಳಗಿಡಿ. ಆರು ಗಂಟೆ ನೇರ ಬಿಸಿಲಿಲ್ಲದ ಕಡೆ ನೆಡದೇ ಇರುವುದೇ ವಾಸಿ.

ಇನ್ನು ಕತ್ತಲಿನ ಕಥೆ. ಬಿಳಿಯದು ಬೇರೆ ಜಾತಿ ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಗಿಡ ಅದೇ. ಬೇರಿನ ಮೇಲೆ ಮೊಣಕಾಲುದ್ದ ಮಣ್ಣು ಏರಿಸಿದರೆ ಕುಡಿಗೆ ಬೆಳಕು ತಾಗದೆ ಬಿಳಿಯಾಗಿ ಬರುತ್ತದೆ, ಅಷ್ಟೆ. ತುದಿ ಒಮ್ಮೆ ಹೊರಗೆ ಇಣುಕಿತೋ, ಮೊದಲು ನೇರಳೆ, ಆಮೇಲೆ ಹಸಿರು. ಹಾಗಾಗಿ ಮಣ್ಣಲ್ಲಿ ಬಿರುಕು ಕಂಡ ಕೂಡಲೇ ಬೆರಳು ಹಾಕಿ ಬಗೆದು, ಬುಡಕ್ಕೆ ಚಾಕು ಹಾಕಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಫೀಸಿನಿಂದ ತಡವಾಗಿ ಬಂದ ದಿನವೆಲ್ಲ ನಮ್ಮದು ನೇರಳೆ ಆಸ್ಪರಾಗಸ್ಸೇ! ಮರುವರ್ಷ ಅಜ್ಜ ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಇರುವ ಪ್ಲಾಸ್ಟಿಕ್ ಹಾಳೆಯ ತುಂಡು ಕೊಟ್ಟರು. ಇಲ್ಲಿನ ರೈತರೆಲ್ಲ ಹೊದಿಸುವುದು ಅದನ್ನೇ. ಕಪ್ಪು ಬದಿ ಮೇಲಿಟ್ಟರೆ ಮಣ್ಣು ಬೇಗ ಬೆಚ್ಚಗಾಗುತ್ತದೆ, ಬಿಳಿ ಬದಿ ಮೇಲಿಟ್ಟರೆ ತಂಪು. ಬೆಳಕಂತೂ ಒಳಗೆ ಬರುವುದಿಲ್ಲ. ದಿನಕ್ಕೊಮ್ಮೆ ಎತ್ತಿ ನೋಡಿದರೂ ಸಾಕಾಯಿತು. ನಮಗೆ ಒಂದು ವಾರ ಮೊದಲೇ ಕೊಯ್ಲು ಸಿಕ್ಕಿತು. ಬಯಲಿನ ಸಾಲಿನ ಎರಡು ಕುಡಿಗಳಿಗೆ ಬಕೆಟ್ ಬೋರಲು ಹಾಕಿಯೂ ನೋಡಿದೆ. ತುದಿ ಬಿಚ್ಚಿಕೊಂಡು, ಉದ್ದಕ್ಕೆ ಸಪೂರಾಗಿ ಬಂದವು. ಬೇಡ ಬಿಡಿ.

ರುಚಿಯಲ್ಲಿ ನನ್ನ ವೋಟು ಹಸಿರಿಗೆ. ಹಸಿ ಬಟಾಣಿಯ ಘಮ ಇರುತ್ತದೆ, ಸಿಪ್ಪೆ ತೆಗೆಯುವ ಕೆಲಸ ಇಲ್ಲ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆ, ನಾಲ್ಕು ನಿಮಿಷ ಬಾಡಿಸಿ ಮೇಲೆ ಕಾಯಿತುರಿ ಹಾಕಿದರೆ ಪಲ್ಯ ಆಯಿತು. ಬಿಳಿಯದಕ್ಕೆ ಸಿಪ್ಪೆ ಹೆರೆಯಲೇಬೇಕು, ಇಲ್ಲದಿದ್ದರೆ ನಾರು. ಮೆದು, ತುಸು ಕಹಿ. ನಮ್ಮನೆಯವರಿಗೆ ಅದೇ ಇಷ್ಟ, ಅದರ ಮಜ್ಜಿಗೆಹುಳಿ ಮಾಡಿದ ದಿನ ಇನ್ನೊಂದು ತುತ್ತು ಜಾಸ್ತಿ ಇಳಿಯುತ್ತದೆ. ದುಡಿಮೆಯ ಲೆಕ್ಕ ಹಾಕಿದರೆ ಬಿಳಿಯದು ಮನೆತೋಟಕ್ಕೆ ದುಬಾರಿ ಶೋಕಿ ಅಂತ ನಾನು. ಆ ಜಗಳ ಇನ್ನೂ ಮುಗಿದಿಲ್ಲ, ಆ ಸಾಲಿಗೆ ಪ್ರತಿ ವಸಂತದಲ್ಲೂ ಮಣ್ಣು ಏರುತ್ತಲೇ ಇದೆ.

ಚೆರಿ ಪಕ್ಕ ಉಳಿದಿದ್ದ ಐದು ಬೇರುಗಳನ್ನು, ಕುಡಿ ಏಳುವ ಮೊದಲು, ಮಾರ್ಚ್‌ನಲ್ಲಿ ಕಿತ್ತು ಬಯಲಿಗೆ ತಂದೆ. ಜೇಡನ ಕಾಲಿನ ಹಾಗೆ ಹರಡಿದ ಬೇರು, ಎಷ್ಟು ಹುಷಾರಾಗಿ ಅಗೆದರೂ ಅರ್ಧ ತುಂಡಾಯಿತು. ಮತ್ತೆ ಎರಡು ವರ್ಷ ಕಾಯುವ ಶಿಕ್ಷೆ. ಖಾಲಿಯಾದ ಪಾತಿಗೆ ಪುದೀನ ಹಾಕಿದೆ. ಅದು ಬೇಡ ಬೇಡ ಅಂದರೂ ಬರುತ್ತಿದೆ.